ನಾಲ್ಕನೇ ಹೆಗಲು

ನಿಜಾಮರ ಕಾಲದಲ್ಲಿ ನಾನು ಕುಕನೂರಿನಿಂದ ಬೇವೂರಿನ ಕಡೆ ಟಪಾಲು ಹೊರುತ್ತಿದ್ದೆ. ಒಂದು ಮುಂಜಾನೆ ದಾರಿಯ ಹಳ್ಳಿಯಲ್ಲಿ ನಾಲ್ವರು ಅಣ್ಣತಮ್ಮಂದಿರು ಅಪ್ಪನ ಚಟ್ಟದ ಮುಂದೆ ನಿಂತಿದ್ದರು. ಹಿರಿಯವನು ಬೆಂಕಿ ಗಡಿಗೆ ಹಿಡಿಯಬೇಕು, ಹೀಗಾಗಿ ಚಟ್ಟಕ್ಕೆ ಒಂದು ಹೆಗಲು ಕಡಿಮೆ. ಊರಿನ ಗಂಡಸರೆಲ್ಲ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು.

“ಯಾಕ್ರೀ ಯಜಮಾನ್ರ, ಯಾರೂ ಏಳವಲ್ರಲ್ಲ?” ಎಂದು ಅಲ್ಲಿದ್ದ ಮುದುಕನನ್ನು ಕೇಳಿದೆ.

“ಅಂವ ಯಾರ ಹೆಣಕ್ಕೂ ಹೆಗಲು ಕೊಟ್ಟಾಂವಲ್ರೀ.”

“ಈಗ ಸತ್ತಾನಲ್ರೀ.”

“ಇವತ್ತು ನಾವು ಎದ್ರ, ನಾಳೆ ಯಾರೂ ಯಾರಿಗೂ ಏಳಂಗಿಲ್ಲ.”

ನಾನು ಚೀಲ ಇಳಿಸಿ ಹೆಗಲು ಕೊಟ್ಟೆ. ಸುಡುಗಾಡಿನಲ್ಲಿ ತಿರುಗಿ ನೋಡಿದರೆ ಮುದುಕ ನನ್ನ ಚೀಲ ಹೊತ್ತು ನಿಂತಿದ್ದ. “ಸರಕಾರಿ ಚೀಲ ನೋಡ್ರಿ, ಅಲ್ಲೇ ಬಿಡೂದು ಛಲೋ ಅಲ್ಲ” ಅಂದ. ಅವನ ಹಿಂದೆ ಇಡೀ ಕಟ್ಟೆಯೇ ತಲೆ ತಗ್ಗಿಸಿ ನಿಂತಿತ್ತು.

ಟಪಾಲಿನ ಚೀಲಕ್ಕೆ ಅಷ್ಟು ಮಂದಿ ಕಾವಲು ಬಂದದ್ದನ್ನು ನಾನು ಮತ್ತೆಲ್ಲೂ ಕಾಣಲಿಲ್ಲ.