ಅತ್ತೆಗೆ ಗ್ಯಾಸ್ ಆದದ್ದು

ನಾನು ಹುಟ್ಟಿ ಬೆಳೆದದ್ದು ಚಳ್ಳಕೆರೆಯಲ್ಲಿ, ಸೊಸೆಯಾಗಿ ಬಂದದ್ದು ಮೊಳಕಾಲ್ಮೂರಿಗೆ. ಎರಡೂ ಕಡೆ ಮಳೆಗೆ ಬರ ಬರಬಹುದು, ಗಾಳಿಗೆ ಎಂದೂ ಬಂದಿಲ್ಲ. ಮಾಳಿಗೆ ಮೇಲೆ ಒಣಹಾಕಿದ ಲಂಗ ಮೂರನೇ ಮನೆಯವರು ತಂದುಕೊಟ್ಟಾಗಲೇ ನಮಗೆ ಅದು ಕಳೆದದ್ದು ಗೊತ್ತಾಗುವುದು. ಇಂಥ ಊರಿನಲ್ಲಿ ನಮ್ಮತ್ತೆ ಗಾಳಿ ಸಾಲದೆ ಸಾಯುವುದರಲ್ಲಿದ್ದರು.

ನಮ್ಮದು ಪೇಟೆಯಲ್ಲಿ ಸೀರೆ ಅಂಗಡಿ ಇಟ್ಟುಕೊಂಡ ಮನೆ. ಮಾವನವರು ತೀರಿಕೊಂಡ ಮೇಲೆ ಅಂಗಡಿ ನನ್ನ ಗಂಡನಿಗೆ ಬಂತು, ಮನೆ ಅತ್ತೆಗೆ ಬಂತು, ನನಗೆ ಅಡುಗೆ ಬಂತು. ಅದೂ ಅತ್ತೆಯ ಮೇಲ್ವಿಚಾರಣೆಯಲ್ಲಿ. ಹಳೇ ಬಚ್ಚಲಿನಲ್ಲಿ ತಾಮ್ರದ ಹಂಡೆ ಹೂತ ಒಲೆಯಿತ್ತು. ಜಾಲಿ ಸೌದೆ ಉರಿಸಿದರೆ ಹೊಗೆಯಿಂದ ಕಣ್ಣು ಬಿಡುವಂತಿರಲಿಲ್ಲ. ಆ ಹೊಗೆ ಹೋಗಲಿ ಎಂದು ಹಿಂದಿನವರು ಗೋಡೆಯಲ್ಲಿ ಅಲ್ಲಲ್ಲಿ ಕಿಂಡಿ ಬಿಟ್ಟಿದ್ದರು. ಅತ್ತೆ ಕೆಮ್ಮಿ ಕೆಮ್ಮಿ ಸಾಕಾಗಿ, ಅದನ್ನು ಕೆಡವಿಸಿ ಹೊಸ ಬಚ್ಚಲು ಕಟ್ಟಿಸಿದರು. ಬಿಳೀ ಟೈಲ್ಸ್, ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಬಾಗಿಲು, ಮೇಲೊಂದು ಗಾಜಿನ ಪಟ್ಟಿಯ ವೆಂಟಿಲೇಟರು, ಗೋಡೆಯಲ್ಲಿ ಗ್ಯಾಸ್ ಗೀಸರು. ಗೀಸರ್ ಕೂರಿಸಿದವನು ಬೈಕ್ ಹತ್ತಿ ಹೋಗುವಾಗ ವೆಂಟಿಲೇಟರ್ ಯಾವಾಗಲೂ ತೆಗೆದೇ ಇಡಬೇಕು ಅಂದನಂತೆ. ಬೈಕಿನ ಸದ್ದಿನಲ್ಲಿ ಆ ಮಾತು ಯಾರಿಗೂ ಸರಿಯಾಗಿ ಕೇಳಿಸಲಿಲ್ಲ.

ತೆಗೆದಿಟ್ಟರೆ ಬೀದಿಯ ಧೂಳೆಲ್ಲ ಒಳಗೆ ಬರುತ್ತಿತ್ತು. ಹಲ್ಲಿ ಬರುತ್ತಿತ್ತು. ಮಾಗಿಯ ಚಳಿಯಂತೂ ಸೀದಾ ಒದ್ದೆ ಬೆನ್ನಿಗೇ ಬಂದು ಕೂರುತ್ತಿತ್ತು. ಗೀಸರಿನ ಪೆಟ್ಟಿಗೆಯಲ್ಲಿ ಬಂದಿದ್ದ ಥರ್ಮೋಕೋಲನ್ನು ಎಸೆಯಲು ಅತ್ತೆಗೆ ಮನಸ್ಸಾಗಿರಲಿಲ್ಲ. ಅದನ್ನು ಈಳಿಗೆಮಣೆಯಲ್ಲಿ ಕೊಯ್ದು ವೆಂಟಿಲೇಟರಿಗೆ ತುರುಕಿದರು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

"ಈಗ ನೋಡು, ಬೆಚ್ಚಗೈತೆ," ಎಂದರು.

ನಾನೂ ಗಂಡನೂ ನಾಲ್ಕು ಚೊಂಬಿನಲ್ಲಿ ಸ್ನಾನ ಮುಗಿಸುವವರು; ಅತ್ತೆಯದು ಮುಕ್ಕಾಲು ಗಂಟೆಯ ಸ್ನಾನ. ಥರ್ಮೋಕೋಲು ತುರುಕಿದ ಸ್ವಲ್ಪ ದಿನಕ್ಕೆ, ತಲೆಸ್ನಾನ ಮುಗಿಸಿ ಬಂದವರು ಹಣೆ ಹಿಡಿದುಕೊಂಡು ಪಡಸಾಲೆಯಲ್ಲಿ ಕೂತುಬಿಟ್ಟರು.

"ತಲೆ ಸಿಡೀತೈತೆ ಕಣೇ. ಹೊಟ್ಟೆ ತೊಳಸ್ತೈತೆ. ಕಾಲಾಗೆ ಜೀವಾನೇ ಇಲ್ಲ."

ಪಕ್ಕದ ಮನೆಯಾಕೆ ಬಂದು ನೋಡಿ, "ಗ್ಯಾಸ್ ಆಗೈತ್ರಿ ಅಕ್ಕಾ, ಇನ್ನೇನಲ್ಲ," ಎಂದರು. ಔಷಧಿ ಅಂಗಡಿಯವರು ನನ್ನ ಗಂಡನ ಬಾಯಿಂದ ವಿಷಯ ಕೇಳಿ, ಗ್ಯಾಸ್ ಎಂದೇ ಮಾತ್ರೆ ಕೊಟ್ಟರು. ಎಲ್ಲರೂ ಸರಿಯಾಗಿಯೇ ಹೇಳಿದ್ದರು. ಯಾವ ಗ್ಯಾಸ್ ಎಂದು ಕೇಳಬೇಕು ಅಂತ ಮಾತ್ರ ಯಾರಿಗೂ ಹೊಳೆಯಲಿಲ್ಲ.

ಗ್ಯಾಸ್ ಅಂದಮೇಲೆ ಅಡುಗೆಯವಳ ವಿಚಾರಣೆ ಆಗಲೇಬೇಕಲ್ಲ. ಮೊದಲು ಕಡಲೆಬೇಳೆ ನಿಂತಿತು. ತಲೆನೋವು ಮರುಕಳಿಸಿದಂತೆಲ್ಲ ಅಲಸಂದೆ, ಆಲೂಗಡ್ಡೆ, ಎಲೆಕೋಸು. ತೊಗರಿಬೇಳೆಯೂ ಹೋದ ದಿನ, ಮುದ್ದೆಯ ಜೊತೆ ತಟ್ಟೆಯಲ್ಲಿ ಮಜ್ಜಿಗೆ ಬಿಟ್ಟರೆ ಬೇರೇನೂ ಇರಲಿಲ್ಲ. ಓಮ, ಜೀರಿಗೆ, ಇಂಗು ಕುದಿಸಿದ ಕಷಾಯದ ವಾಸನೆ ಗಂಡನ ಅಂಗಿಗೆ ಹತ್ತಿ, ಅಂಗಡಿಗೆ ಸೀರೆ ಕೊಳ್ಳಲು ಬಂದವರಿಗೂ ಬಡಿಯುತ್ತಿತ್ತು.

"ಅವ್ವಂಗೆ ಏನ್ ಹಾಕ್ತಿದೀಯ ನೀನು?" ಎಂದು ನನ್ನ ಗಂಡ ಕೇಳಿದರು.

"ಹಾಕೋಕೆ ಏನು ಉಳಿದೈತೆ, ನೀವೇ ಹೇಳ್ರಿ," ಎಂದೆ.

ಈ ನಡುವೆ ಅತ್ತೆ ಚಳ್ಳಕೆರೆಯಲ್ಲಿದ್ದ ಮಗಳ ಮನೆಗೆ ಹೋದರು. ನನ್ನ ನಾದಿನಿಯ ಬಚ್ಚಲು ಹಿತ್ತಲಲ್ಲಿ, ತಗಡಿನ ಮರೆಯದು. ನೀರು ಕಾಯುವುದು ಹೊರಗಿನ ಒಲೆಯಲ್ಲಿ. ಅಲ್ಲಿಂದ ದಿನವೂ ಫೋನು.

"ನಿನ್ನೆ ಮೆಣಸಿನಕಾಯಿ ಬಜ್ಜಿ ತಿಂದೆ. ಇವತ್ತು ಹೋಳಿಗೆ. ತಲೆನೋವೂ ಇಲ್ಲ, ಏನೂ ಇಲ್ಲ. ಈ ಊರಿನ ನೀರೇ ಬ್ಯಾರೆ ಕಣಮ್ಮ!"

ಅದೇ ನೀರು ಕುಡಿದು ಬೆಳೆದವಳು ನಾನು. ಆ ಮಾತು ಆಡಿದರೆ ಫೋನಿನ ಬಿಲ್ಲು ಬೆಳೆಯುತ್ತದೆಂದು ಸುಮ್ಮನಾದೆ. ಒಳಗೊಳಗೇ ಮಾತ್ರ ನನ್ನ ಕೈಯ ಮೇಲೆ ನನಗೇ ಅನುಮಾನ ಹುಟ್ಟಿತ್ತು. ಸಾರು ಕುದಿಯುವಾಗ ಅದನ್ನು ಕಳ್ಳನನ್ನು ನೋಡುವಂತೆ ನೋಡುತ್ತಾ ನಿಲ್ಲುತ್ತಿದ್ದೆ.

ಅತ್ತೆ ವಾಪಸು ಬಂದ ಮಾರನೇ ಬೆಳಗ್ಗೆ, ಪ್ರಯಾಣದ ಧೂಳು ಹೋಗಲಿ ಎಂದು ತಲೆಗೆ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದರು. ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ನೀರು ಬೀಳುವ ಸದ್ದು ಒಂದೇ ಸಮ ಬರುತ್ತಿತ್ತು. ಚೊಂಬಿನ ಸದ್ದು ಮಾತ್ರ ನಿಂತಿತ್ತು. ಅತ್ತೆ ಸ್ನಾನ ಮಾಡಿದರೆ ಚೊಂಬು ಬಕೆಟ್ಟಿಗೆ ಬಡಿಯುವುದು ಬೀದಿಗೆ ಕೇಳಬೇಕು.

"ಅತ್ತೇ!"

ಬಾಗಿಲು ಬಡಿದೆ. ಅಂಗಡಿಗೆ ಹೊರಟಿದ್ದ ಗಂಡನನ್ನು ಕೂಗಿದೆ. ಅವರು ಭುಜ ಕೊಟ್ಟು ನೂಕಿದಾಗ ಚಿಲಕದ ಸ್ಕ್ರೂಗಳು ಕಿತ್ತು ಬಂದವು. ಅತ್ತೆ ಗೋಡೆಗೆ ಒರಗಿ ಕೂತಿದ್ದರು, ತಲೆ ಪಕ್ಕಕ್ಕೆ ವಾಲಿತ್ತು, ಬಿಸಿನೀರು ಕಾಲ ಮೇಲೆ ಹರಿಯುತ್ತಿತ್ತು. ಸೀರೆ ಸುತ್ತಿ ಇಬ್ಬರೂ ಅಂಗಳಕ್ಕೆ ಎತ್ತಿ ತಂದೆವು. ನಲ್ಲಿ ನಿಲ್ಲಿಸಲು ನಾನು ಮತ್ತೆ ಒಳಗೆ ಹೋದೆ. ಹೋಗಿ ಬರುವಷ್ಟರಲ್ಲಿ ನನ್ನ ತಲೆಯೂ ಗಿರ್ರೆಂದಿತು. ಆ ಬೆಳಗ್ಗೆ ನಾನು ಒಂದು ಗುಟುಕು ಕಾಫಿಯನ್ನೂ ಕುಡಿದಿರಲಿಲ್ಲ. ಬೇಳೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಆಗಲೇ ಮೊದಲ ಸಲ ಅನ್ನಿಸಿದ್ದು. ಆದರೆ ಖುಷಿಪಡುವ ಹೊತ್ತಲ್ಲ ಅದು.

ಅಂಗಳದ ಗಾಳಿ ಮುಖಕ್ಕೆ ಬಡಿದು ಅತ್ತೆ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟರು. ನನ್ನನ್ನೇ ನೋಡಿದರು.

"ಏನ್ ಹಾಕಿದ್ದೆ ಉಪ್ಪಿಟ್ಟಿಗೆ?"

"ಇನ್ನೂ ಒಲೆ ಮೇಲೇ ಐತ್ರಿ ಅತ್ತೆ. ನೀವು ತಿಂದೇ ಇಲ್ಲ!"

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ವಯಸ್ಸಿನಲ್ಲಿ ಚಿಕ್ಕವರಾದ ಡಾಕ್ಟರಮ್ಮ ಊಟದ ಸುದ್ದಿಯನ್ನೇ ಎತ್ತಲಿಲ್ಲ.

"ಎಲ್ಲಿ ಬಿದ್ರು?"

"ಬಚ್ಚಲಲ್ಲಿ," ಎಂದರು ನನ್ನ ಗಂಡ.

"ಯಾವ ಗೀಸರ್? ಕಿಟಕಿ ತೆಗ್ದಿತ್ತಾ?"

ಗಂಡ ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಕಣ್ಣು ಮುಚ್ಚಿಕೊಂಡರು.

ಡಾಕ್ಟರಮ್ಮ ಬಿಡಿಸಿ ಹೇಳಿದರು. "ಗ್ಯಾಸ್ ಉರಿಯೋದಕ್ಕೂ ಗಾಳಿ ಬೇಕು, ನಿಮಗೂ ಬೇಕು. ಮುಚ್ಚಿದ ಬಚ್ಚಲಲ್ಲಿ ಇರೋ ಗಾಳೀನ ಅದೇ ತಿಂದುಬಿಡ್ತದೆ. ಗಾಳಿ ಸಾಲದೆ ಉರಿದ್ರೆ ವಿಷ ಬಿಡ್ತದೆ. ಹೊಗೆಯಾದ್ರೆ ಕೆಮ್ಮು ಬರ್ತಿತ್ತು, ಹೊರಗೆ ಓಡ್ತಿದ್ರಿ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಇನ್ನೊಂದಿಷ್ಟು ಹೊತ್ತು ಬಿಟ್ಟಿದ್ರೆ ಇಲ್ಲಿಗೆ ತರೋ ಕೆಲ್ಸಾನೇ ಇರ್ತಿರ್ಲಿಲ್ಲ."

ಅತ್ತೆ ಮುಖದ ಮೇಲಿನ ಮಾಸ್ಕನ್ನು ಒಂದಿಷ್ಟು ಎತ್ತಿದರು.

"ನಾನು ಮೊದ್ಲಿಂದ ಹೇಳ್ತಾನೇ ಇದೀನಲ್ಲ, ಗ್ಯಾಸ್ ಅಂತ!"

ಗಂಡ ಆ ವಾರವೇ ಗೀಸರನ್ನು ಕಿತ್ತು ಹೊರಗೋಡೆಗೆ ಹಾಕಿಸಿದರು. ಬಿಸಿನೀರಿನ ಪೈಪೊಂದೇ ಒಳಗೆ ಬಂತು. ವೆಂಟಿಲೇಟರಿನ ಗಾಜು ತೆಗೆದು ಜಾಲರಿ ಹೊಡೆಸಿದರು. ಬಾಗಿಲ ಕೆಳಗೂ ನಾಲ್ಕು ಬೆರಳಗಲ ಕೊಯ್ಯಿಸಿದಾಗ ಅತ್ತೆ, "ಇನ್ನೇನು, ಬೀದಿಯಾಗೇ ಒಂದು ಮಣೆ ಹಾಕಿಕೊಡು, ಅಲ್ಲೇ ನೀರು ಹೊಯ್ಕೊಂತೀನಿ," ಎಂದು ರೇಗಿದರು. ನನ್ನ ಅಡುಗೆಮನೆಗೆ ಬೇಳೆಕಾಳು ಒಂದೊಂದಾಗಿ ಮರಳಿದವು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ, ನಾನೂ ಕಾಯಲಿಲ್ಲ.

ಅಷ್ಟಾದರೂ ಅತ್ತೆಗೆ ಒಬ್ಬರೇ ಚಿಲಕ ಹಾಕಿಕೊಳ್ಳಲು ಭಯ. ಬಾಗಿಲು ಮುಂದೆ ಮಾಡಿಕೊಂಡು ಸ್ನಾನಕ್ಕೆ ಕೂರುತ್ತಾರೆ. ನಾನು ಹೊರಗೆ ಸ್ಟೂಲು ಹಾಕಿಕೊಂಡು ಸೊಪ್ಪು ಸೋಸುತ್ತೇನೆ. ಮಾತು ನಿಂತರೆ ನನಗೆ ಗಾಬರಿ, ಆದ್ದರಿಂದ ಅವರು ಮಾತಾಡುತ್ತಲೇ ಇರಬೇಕು. ಎದುರಿಗೆ ಕೂತಾಗ ಉಪ್ಪು ಹುಳಿ ಬಿಟ್ಟು ಬೇರೆ ಮಾತಾಡದ ಹೆಂಗಸು ಬಾಗಿಲ ಹಿಂದಿನಿಂದ ಏನೇನೋ ಹೇಳುತ್ತಾರೆ. ಹುಡುಗಿಯಾಗಿದ್ದಾಗ ತವರೂರು ಸಿದ್ದಾಪುರದಲ್ಲಿ ಅಣ್ಣನ ಸೈಕಲ್ಲು ಕದ್ದು ಕಲಿಯಲು ಹೋಗಿ, ಬಂಡೆಗೆ ಗುದ್ದಿ, ಮುಂದಿನ ಚಕ್ರ ಹಪ್ಪಳದಂತೆ ಮಡಚಿದ್ದನ್ನು ಹಾಗೆಯೇ ಹೇಳಿದ್ದು.

ನನಗೆ ನಗು ತಡೆಯಲಾಗಲಿಲ್ಲ.

"ಯಾಕೆ ನಗ್ತೀಯಾ? ಬ್ರೇಕ್ ಎಲ್ಲೈತೆ ಅಂತ ಯಾರು ಹೇಳಿದ್ರು ನಂಗೆ?" ಎಂದು ಒಳಗಿನಿಂದ ಗದರಿದರು. "ಸಾಕು, ಟವೆಲ್ ಕೊಡು."