ಸೈಕಲ್ ದನಗಾಹಿ ಆಫ್ರಾ

ಆಫ್ರಾ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳು ಎಂದು ಅವಳ ಅಜ್ಜಿ ಸಾಯುವ ತನಕ ಹೇಳುತ್ತಿದ್ದಳು. ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು. ಇಗರ್ಜಿಯಲ್ಲಿ ಪಾದ್ರಿ ಬಾಯಿ ತೆರೆದರೆ ಸಾಕು, ಇವಳ ಮೊಣಕಾಲು ಕುಣಿಯತೊಡಗಿ ಬೆಂಚಿನ ಆ ತುದಿಯಲ್ಲಿ ಕೂತವರೂ ಅದುರುತ್ತಿದ್ದರು. ಬೆಳೆದ ಮೇಲೆ ಚೀಸ್ ಮಾಡುವ ಡೈರಿಗೆ ಸೇರಿದಳು. ಹಾಲು ಒಡೆಯುವವರೆಗೆ ಕೈಕಟ್ಟಿ ಕಾಯುವುದು ಒಗ್ಗಲಿಲ್ಲ. ಟಪಾಲು ಹಂಚಿದಳು. ಅದು ಒಗ್ಗಿತು, ಆದರೆ ಮೇಲಿನವರು ಸೈಕಲ್ಲು ಕಿತ್ತುಕೊಂಡು ಮೋಟಾರು ಗಾಡಿ ಕೊಟ್ಟರು, ಅವತ್ತೇ ಬಿಟ್ಟಳು. ಗಂಡ ಕೊರ್ಬಿನಿಯನ್ ಒಲೆ ಪಕ್ಕದ ಬೆಕ್ಕಿನಂಥವನು. ಹೆಂಡತಿಯನ್ನು ಹಿಡಿದು ನಿಲ್ಲಿಸುವ ಗೋಜಿಗೆ ಹೋಗದೆ, ರಾತ್ರಿ ಊಟಕ್ಕೆ ಬಂದರೆ ಸಾಕೆಂದು ಇದ್ದುಬಿಟ್ಟಿದ್ದ.

ನಲವತ್ತು ದಾಟಿದ ಮೇಲೆ ಅವಳು ಗರಸು ಸೈಕಲ್ಲು ಕೊಂಡಳು. ಟಗರಿನ ಕೊಂಬಿನಂತೆ ಬಾಗಿದ ಹಿಡಿ, ಡಾಂಬರಿಗೂ ಜಲ್ಲಿಗೂ ಸೈ ಅನ್ನುವ ಅಗಲ ಟಯರು. ಆಲ್‌ಗೊಯ್ ಅನ್ನುವ ಅವಳ ಸೀಮೆಯಲ್ಲಿ ಒಂದು ಸರೋವರದ ಬೆನ್ನಿಗೆ ಗುಡ್ಡ, ಗುಡ್ಡ ಇಳಿದರೆ ಇನ್ನೊಂದು ಸರೋವರ, ನಡುವೆಲ್ಲ ಮರ ಸಾಗಿಸುವ ಜಲ್ಲಿ ದಾರಿ. ಬೆಳಗ್ಗೆ ಒಂದು ನೀರು ನೋಡಿ ಹೊರಟವಳು ಮಧ್ಯಾಹ್ನಕ್ಕೆ ಮೂರನೆಯ ನೀರಿನ ದಂಡೆಯಲ್ಲಿ ರೊಟ್ಟಿ ಕಚ್ಚುತ್ತಿದ್ದಳು. ಮನೆಗೆ ಬಂದು ಬೂಟು ಬಿಚ್ಚಿದ ಮೇಲೂ ಕಾಲು ಮಾತ್ರ ಇನ್ನೂ ತುಳಿಯುತ್ತಲೇ ಇರುತ್ತಿತ್ತು.

ಆ ವರ್ಷ ಅವಳ ದೊಡ್ಡಪ್ಪ ಮಾಗ್ನುಸನ ಮೊಣಕಾಲು ಕೈಕೊಟ್ಟವು. ಊರವರ ಕಡಸುಗಳನ್ನು ಬೇಸಿಗೆಯುದ್ದಕ್ಕೂ ಮೇಲಿನ ಗುಡ್ಡದ ಹುಲ್ಲುಗಾವಲಿನಲ್ಲಿ ಕಾಯುತ್ತಿದ್ದವನು ಅವನು. ಆ ಜಾಗಕ್ಕೆ ತಾನು ಬರುತ್ತೇನೆ ಎಂದು ಆಫ್ರಾ ಕೇಳಿದಾಗ, ಹುಲ್ಲುಗಾವಲಿನ ಯಜಮಾನ ವೆಂಡೆಲಿನ್ ಅವಳ ಮುಖ ನೋಡದೆ ಸೈಕಲ್ಲನ್ನು ನೋಡಿದ.

"ದನ ಕಾಯೋದು ಅಂದ್ರೆ ಕೂರೋ ಕೆಲಸ ಕಣಮ್ಮ. ನೀನು ನಿನ್ನ ಮದುವೇಲೇ ಕೂತಿರ್ಲಿಲ್ಲ."

ಕಡೆಗೆ ಒಂದು ಬೇಸಿಗೆ ನೋಡೋಣ ಎಂದು ಒಪ್ಪಿದ. ಷರತ್ತು ಒಂದೇ: ಶರತ್ಕಾಲದಲ್ಲಿ ಇಳಿಯುವ ದಿನ ಹಿಂಡಿನ ಮುಂದೆ ನಡೆಯುವ ಕಡಸಿನ ತಲೆಗೆ ಕಿರೀಟ ಏರಿದರೆ ಮುಂದಿನ ವರ್ಷವೂ ಅವಳೇ, ಏರದಿದ್ದರೆ ಬೇರೆಯವರು. ಹತ್ತಿದ ದನಗಳಷ್ಟೂ ಜೀವಂತ ಇಳಿದರೆ ಮಾತ್ರ ಹಸಿರುಕಡ್ಡಿ, ಹೂವು, ಕನ್ನಡಿ ಹೆಣೆದ ಆ ಕಿರೀಟ. ಒಂದೇ ಒಂದು ಕಡಿಮೆಯಾದರೂ ಬೋಳು ತಲೆ. ಬೋಳು ತಲೆ ಕಂಡರೆ ದಾರಿಬದಿಯ ಜನ ಏನನ್ನೂ ಕೇಳುವುದಿಲ್ಲ, ತಮ್ಮ ತಮ್ಮ ಬಿಯರು ಲೋಟದೊಳಗೆ ನೋಡುತ್ತಾರೆ. ಕೇಳಿದ್ದರೇ ವಾಸಿ ಅನ್ನಿಸುತ್ತದೆ.

ಆಫ್ರಾ ಸೈಕಲ್ಲಿನ ಮೇಲೆಯೇ ದನ ಕಾಯ್ದಳು. ಮಾಗ್ನುಸ್ ದಿನಕ್ಕೊಮ್ಮೆ ಸುತ್ತಿದ ಬೇಲಿಯನ್ನು ಇವಳು ಮೂರು ಸಲ ಸುತ್ತಿದಳು. ನೆಕ್ಕಲು ಕೊಡುವ ಉಪ್ಪನ್ನು ಸೈಕಲ್ಲಿನ ನಡುಗೊಳವೆಗೆ ಕಟ್ಟಿದ ಚೀಲದಲ್ಲಿ ಇಟ್ಟುಕೊಂಡು, ನಿಂತಲ್ಲೆಲ್ಲ ಕಡಸುಗಳಿಗೆ ನೆಕ್ಕಿಸಿದಳು. ತುಳಿಯುವುದು ನಿಲ್ಲಿಸಿದರೆ ಹಿಂಚಕ್ರ ಜೀರುಂಡೆಯಂತೆ ಟರ್ರೆನ್ನುತ್ತದಲ್ಲ, ಆ ಸದ್ದಿಗೆ ಕಡಸುಗಳು ಕಿವಿ ನಿಮಿರಿಸಿ ಗುಡ್ಡದ ಮೂಲೆಮೂಲೆಯಿಂದ ಗಂಟೆ ಬಾರಿಸುತ್ತ ಓಡಿ ಬರುವಂತಾಯಿತು. ಮೇಲೆ ಬಂದು ನೋಡಿದ ವೆಂಡೆಲಿನ್ ಕೂಡ ಗಡ್ಡ ಕೆರೆದುಕೊಂಡ. ಎಲ್ಲಕ್ಕಿಂತ ಮುಂದೆ ಓಡಿ ಬರುತ್ತಿದ್ದದ್ದು ಅವನದೇ ಕಡಸು, ಆಮ್ಸೆಲ್.

ಇಳಿಯುವುದಕ್ಕೆ ಇನ್ನೆರಡು ದಿನ ಇದೆ ಅನ್ನುವಾಗ ಆಮ್ಸೆಲ್ ಕಾಣಲಿಲ್ಲ.

ಆಫ್ರಾ ಇಡೀ ದಿನ ಗುಡ್ಡದ ಈಚೆ ಮಗ್ಗುಲಿನ ಕೊರಕಲು, ತೊರೆ, ಪೊದೆ ಎಲ್ಲ ಜಾಲಾಡಿದಳು. ಹದ್ದು ಸುತ್ತಿದ ಕಡೆಯೆಲ್ಲ ಇಣುಕಿದಳು. ಮರುದಿನ ಬೆಳಕು ಹರಿಯುತ್ತಲೇ, ಕಾಲೆಳೆಯುತ್ತ ಮೇಲೆ ಬಂದಿದ್ದ ಮಾಗ್ನುಸನಿಗೆ ಹಿಂಡು ಒಪ್ಪಿಸಿ ಗುಡ್ಡದ ನೆತ್ತಿಗೆ ತುಳಿದಳು. ನೆತ್ತಿಯಲ್ಲಿ ಬೇಲಿಬಾಯಿಗೆ ಅಡ್ಡ ಹಾಕುವ ಉಣಗೋಲು ಸರಿಸಿದಂತೆಯೇ ಬಿದ್ದಿತ್ತು. ಕೆಸರಿನಲ್ಲಿ ಟಯರಿನ ಗೆರೆ ಮೂಡಿತ್ತು, ಯಾರೋ ಸೈಕಲ್ಲಿನವರು ದಾಟಿ ಮುಚ್ಚದೆ ಹೋಗಿದ್ದರು. ಬೈಗುಳ ಬಾಯಿಗೆ ಬಂತು, ಬೈಯಲು ಎದುರಿಗೆ ಯಾರೂ ಇರಲಿಲ್ಲ. ಆಚೆ ಮಗ್ಗುಲಿನ ಜಲ್ಲಿ ಇಳಿಜಾರಿನಲ್ಲಿ ಹಲ್ಲು ಕಟಕಟ ಅನ್ನುವಂತೆ ಇಳಿದಳು. ಮೇಲಿನ ತಿರುವಿನಲ್ಲಿ ಮಳೆಗೆ ದಾರಿ ಕುಸಿದಿತ್ತು. ಸೈಕಲ್ಲು ದಾಟೀತು, ದನ ದಾಟೀತು, ಗಾಡಿ ದಾಟದು.

ಕೆಳಗೆ ಸರೋವರದ ದಂಡೆಯ ಹೋಟೆಲಿನ ಸೆಫಾ ಅಂಗಳ ಗುಡಿಸುತ್ತಿದ್ದಳು. ದನ ಕಂಡೆಯಾ ಎಂದು ಕೇಳಿದ್ದೇ ತಡ, ಪೊರಕೆ ಗೋಡೆಗೆ ಒರಗಿಸಿದಳು.

"ಮೊನ್ನೆ ಬಂದಿದ್ರಲ್ಲ ನಿನ್ನಂಥೋರೇ ನಾಲ್ಕು ಜನ, ಕೊಂಬಿನ ಸೈಕಲ್ಲಿನೋರು. ನಕ್ಕು ನಕ್ಕು ಸೂಪು ಕುಡಿಯಕ್ಕೂ ಆಗ್ಲಿಲ್ಲ ಅವ್ರಿಗೆ. ಯಾವ್ದೋ ಕಂದು ಕಡಸಂತೆ, ನೆತ್ತಿಯಿಂದ ಬೆನ್ನು ಹತ್ತಿ ಒಬ್ಬನ ಚೀಲ ನೆಕ್ತಾ ಬಂತಂತೆ. ಬುಗ್ಗೆ ಹತ್ರ ಕವಲಲ್ಲಿ ಅಟ್ಟಿದ್ರಂತೆ. ಯಾಕೆ, ನಿಮ್ದಾ?"

ಆಫ್ರಾ ತನ್ನ ಸೈಕಲ್ಲಿನ ಉಪ್ಪಿನ ಚೀಲ ಮುಟ್ಟಿ ನೋಡಿದಳು. ಉಣಗೋಲು ತೆಗೆದವರು ಅವರು. ಆದರೆ ಟರ್ರೆನ್ನುವ ಚಕ್ರದ ಹಿಂದೆ ಓಡಲು ಕಲಿಸಿದವಳು ತಾನು. ಬೇಸಿಗೆಯೆಲ್ಲ ಊರಿಗೆ ತೋರಿಸಿ ಮೆರೆದ ಜಾಣತನವೇ ಕಡಸನ್ನು ಗುಡ್ಡದಾಚೆಗೆ ಎಳೆದಿತ್ತು. ಸೆಫಾ ಮಜ್ಜಿಗೆ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅಂಗಳದಲ್ಲಿ ಆಫ್ರಾ ಇರಲಿಲ್ಲ.

ಬುಗ್ಗೆಯ ಕವಲಿನಿಂದ ಕಾಡೊಳಗೆ ಹಳೆಯ ದಾರಿಯೊಂದು ಹೋಗುತ್ತದೆ. ಅದರಲ್ಲಿ ಹೋಗಿ, ನಿಂತು, ಹೆಸರು ಹಿಡಿದು ಕೂಗಿ ಗಂಟಲು ಹರಿದುಕೊಂಡಳು. ಕೊನೆಗೆ ಕೂಗುವುದು ಬಿಟ್ಟು ಸೈಕಲ್ಲಿನ ಹಿಂಬದಿ ಎತ್ತಿ ಚಕ್ರ ತಿರುಗಿಸಿದಳು. ಟರ್ರೆಂದಿತು. ಕಾಡು ಸುಮ್ಮನಿತ್ತು. ಮತ್ತೆ ತಿರುಗಿಸಿದಳು. ಕೆಳಗೆಲ್ಲೋ ಜೌಗಿನ ಕಡೆಯಿಂದ ಗಂಟೆ ಒಂದೇ ಸಲ ಟಣ್ ಎಂದಿತು.

ಆಮ್ಸೆಲ್ ಬೀಚ್ ಮರದ ಬುಡದಲ್ಲಿ ಮಲಗಿತ್ತು. ಕಣ್ಣು ಚುರುಕಾಗಿತ್ತು, ಗೊರಸು ಮಾತ್ರ ಜಲ್ಲಿಯ ಮೇಲೆ ಓಡಿ ಓಡಿ ಎಳೆಮಾಂಸದ ತನಕ ಸವೆದಿತ್ತು. ಎಬ್ಬಿಸಿದರೆ ಎರಡು ಹೆಜ್ಜೆ ಇಟ್ಟು ನಡುಗಿತು. ಸೈಕಲ್ಲನ್ನು ಮರಕ್ಕೆ ಒರಗಿಸಿ ಎರಡೂ ಕೈಯಲ್ಲಿ ಹಗ್ಗ ಹಿಡಿದು ಎಳೆದಳು. ಕಡಸು ಸೈಕಲ್ಲಿನ ಕಡೆ ಕತ್ತು ತಿರುಗಿಸಿ ಕಲ್ಲಿನಂತೆ ನಿಂತಿತು. ಆ ಸದ್ದಿಲ್ಲದೆ ಅದು ಕದಲದು. ವಿಧಿಯಿಲ್ಲದೆ ಒಂದು ಕೈಯಲ್ಲಿ ಸೈಕಲ್ಲು ತಳ್ಳುತ್ತ, ಇನ್ನೊಂದರಲ್ಲಿ ಹಗ್ಗ ಹಿಡಿದು, ಕಡಸನ್ನು ದಾರಿಯಂಚಿನ ಹುಲ್ಲಿನ ಮೇಲೆ ನಡೆಸಿಕೊಂಡು ಹೊರಟಳು. ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕು. ಅದು ಮಲಗಿದರೆ ಪಕ್ಕದಲ್ಲಿ ಕೂರಬೇಕು. ಕೂತಳು, ಆದರೆ ಬೂಟಿನ ಹಿಮ್ಮಡಿ ನೆಲ ಕುಟ್ಟುವುದು ನಿಲ್ಲಲಿಲ್ಲ. ಬೆಳಗಾದರೆ ಹಿಂಡು ಇಳಿಯುತ್ತದೆ, ಇಲ್ಲಿ ಕಡಸು ಕಣ್ಣು ಮುಚ್ಚಿ ಮೆಲುಕು ಹಾಕುತ್ತದೆ. ಏಳೇ ತಾಯಿ ಎಂದು ಗೋಗರೆದಳು, ಗದರಿದಳು, ಒಮ್ಮೆ ಅತ್ತೂ ಬಿಟ್ಟಳು. ಕಡಸು ತನಗೆ ತೋಚಿದಾಗ ಎದ್ದಿತು.

ಬೆಳಗ್ಗೆ ಮೇಲಿನ ಕೊಟ್ಟಿಗೆಯ ಮುಂದೆ ಊರ ಗಂಡಸರು ದನಗಳಿಗೆ ದೊಡ್ಡ ಗಂಟೆ ಕಟ್ಟುತ್ತಿದ್ದರು. ಕಿರೀಟದ ಬುಟ್ಟಿಯ ಮೇಲೆ ಬಟ್ಟೆ ಹೊದಿಸಿತ್ತು. ನೆತ್ತಿಯಿಂದ ಕುಂಟುತ್ತ ಬಂದ ಇಬ್ಬರನ್ನೂ ಒಂದು ಸೈಕಲ್ಲನ್ನೂ ಕಂಡು ಎಲ್ಲರ ಕೈ ನಿಂತಿತು. ವೆಂಡೆಲಿನ್ ಬಗ್ಗಿ ತನ್ನ ಕಡಸಿನ ಗೊರಸು ಎತ್ತಿ ನೋಡಿದ. ಇದು ಊರತನಕ ನಡೆಯುವುದಿಲ್ಲ, ಟ್ರೇಲರಿನಲ್ಲೇ ಹೋಗಬೇಕು, ಕಾಲ ಮೇಲೆ ಇಳಿಯದ ಹಿಂಡಿಗೆ ಕಿರೀಟ ಉಂಟೇ ಎಂದು ಒಬ್ಬ ಶುರು ಮಾಡಿದ.

ಬೆಂಚಿನ ಮೇಲೆ ಕೂತಿದ್ದ ಮಾಗ್ನುಸ್ ಕೋಲು ಕುಟ್ಟಿದ. "ಕಿರೀಟ ಜೀವಕ್ಕೆ ಕಣ್ರೋ, ನಡಿಗೆಗಲ್ಲ. ನಡಿಗೆಗಾದ್ರೆ ನನ್ನ ತಲೆ ಮೇಲಿನ ಟೋಪೀನೂ ಕಿತ್ಕೊಳ್ಳಿ."

ಒಬ್ಬ ಬುಟ್ಟಿಯ ಬಟ್ಟೆ ಸರಿಸಿದ. ಆಗ ಆಫ್ರಾ, ಕಟ್ಟುವ ಮೊದಲು ಕೇಳಿ ಎಂದು, ಕಡಸು ಯಾಕೆ ಹೋಯಿತೆಂಬುದನ್ನು ನಡೆದಂತೆ ಹೇಳಿದಳು.

"ಹೇಳ್ದೆ ಇದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?" ಅಂದ ವೆಂಡೆಲಿನ್.

"ಸೆಫಾಗೆ ಗೊತ್ತು ಯಜಮಾನ್ರೇ. ಅವ್ಳಿಗೆ ಗೊತ್ತು ಅಂದ್ರೆ ಕೆರೆ ಮೀನಿಗೂ ಗೊತ್ತು."

ಅವನು ನಗಲಿಲ್ಲ. ಕಿರೀಟವನ್ನು ತಾನೇ ಎತ್ತಿ ಮುಂದಿನ ಕಡಸಿನ ತಲೆಗೆ ಬಿಗಿದ. ಬಿಗಿಯುತ್ತಲೇ, ಬರೋ ವರ್ಷ ಬಾ, ಸೈಕಲ್ಲು ಕೆಳಗೆ ಬಿಟ್ಟು ಬಾ ಅಂದ.

"ಸೈಕಲ್ ಇಲ್ದೆ ನಾನು ಬರಲ್ಲ. ಚೀಲದಲ್ಲಿ ಉಪ್ಪು ಒಯ್ಯೋದು ಬೇಕಾದ್ರೆ ಬಿಡ್ತೀನಿ. ಕೊಟ್ಟಿಗೆ ಮುಂದೆ ತೊಟ್ಟಿಯಲ್ಲಿಡ್ತೀನಿ, ದೊಡ್ಡಪ್ಪ ಇಡ್ತಿದ್ದ ಹಾಗೆ."

ಅಷ್ಟರಲ್ಲಿ ಅವಳ ಗಂಡ ಕೊರ್ಬಿನಿಯನ್ ಟ್ರ್ಯಾಕ್ಟರಿಗೆ ಕಟ್ಟಿದ ಟ್ರೇಲರನ್ನು ಹಿಮ್ಮುಖವಾಗಿ ಕೊಟ್ಟಿಗೆಯ ಮುಂದೆ ತಂದ. ನಾಲ್ವರು ನೂಕಿದರೂ ಆಮ್ಸೆಲ್ ಹತ್ತಲಿಲ್ಲ. ಕೊರ್ಬಿನಿಯನ್ ಹೆಂಡತಿಯ ಕೈಯಿಂದ ಸೈಕಲ್ಲು ತೆಗೆದುಕೊಂಡು ಒಳಗೆ ತಳ್ಳಿದ. ಕಡಸು ಅದರ ಹಿಂದೆಯೇ ಹತ್ತಿತು. ಗಂಡಸರೆಲ್ಲ ಹೊಟ್ಟೆ ಹಿಡಿದು ನಕ್ಕರು. ವೆಂಡೆಲಿನ್ ಬೆನ್ನು ತಿರುಗಿಸಿ ನಿಂತ, ಅವನ ಭುಜ ಮಾತ್ರ ಕುಲುಕುತ್ತಿತ್ತು.

"ತೊಟ್ಟಿಯಲ್ಲಿಡು," ಅಂದ ಕಡೆಗೆ. "ಇನ್ನೊಂದ್ಸಲ ಚೀಲದಿಂದ ಕೊಟ್ಟೆ ಅಂದ್ರೆ ಆ ಸೈಕಲ್ ಕೆರೆಗೆ ಎಸೀತೀನಿ."

ಮುಂದಿನ ಕಡಸಿನ ಹಗ್ಗವನ್ನು ಅವಳ ಕೈಗೆ ಕೊಟ್ಟ. ಹಿಂಡು ಗಂಟೆಗಳ ಗದ್ದಲದಲ್ಲಿ ಇಳಿಯತೊಡಗಿತು. ಎರಡು ದಿನದಿಂದ ನಿದ್ದೆ ಕಾಣದ ಆಫ್ರಾ ಮೊದಲ ತಿರುವಿನಲ್ಲೇ ಹಿಂಡನ್ನು ಎಷ್ಟೋ ಹಿಂದೆ ಬಿಟ್ಟು ಹೋಗಿದ್ದಳು. ಹಗ್ಗದ ತುದಿಯ ಕಡಸು ಏದುಸಿರು ಬಿಡುತ್ತಿತ್ತು, ಹೂವು ಉದುರುತ್ತಿತ್ತು. ಟ್ರ್ಯಾಕ್ಟರಿನ ಮೇಲಿನಿಂದ ಮಾಗ್ನುಸ್ ಕೂಗಿದ:

"ನಿಧಾನ ಕಣವ್ವ, ಊರು ಎಲ್ಲೂ ಓಡೋಗಲ್ಲ."

ಅವಳು ತಿರುಗಿ ನೋಡಿದಳು, ನಿಂತಳು, ಹಿಂಡು ಹತ್ತಿರ ಬರುವ ಮೊದಲೇ ಮತ್ತೆ ಹೊರಟಳು.