ಹೆಬ್ಬೆರಳಿಗೆ ಒಂದು ಕಾರ್ಡು

ಬೀದಿಗೆಲ್ಲ ಅವಳು ಅಂಟಕ್ಕ. ಮೂವತ್ತೊಂದು ವರ್ಷ ಪ್ರೆಸ್ಸಿನ ಬೈಂಡಿಂಗ್ ಕೋಣೆಯಲ್ಲಿ ಕಾಗದ ಮಡಿಸಿ, ಹೊಲಿದು, ಅಂಟು ಬಳಿದವಳು. ಬೆರಳ ತುದಿಯಲ್ಲಿ ಒಣಗಿದ ಅಂಟಿನ ಪೊರೆ ಯಾವತ್ತೂ ಇರುತ್ತಿತ್ತು. ಊಟಕ್ಕೆ ಕೂತಾಗ ಅದನ್ನು ಸುಲಿದು ಡಬ್ಬಿಯ ಮುಚ್ಚಳದ ಮೇಲಿಡುವುದು, ಪಕ್ಕದಲ್ಲಿ ಕೂತವರು ಮುಖ ಸಿಂಡರಿಸುವುದು, ಎರಡೂ ತಪ್ಪದೆ ನಡೆಯುತ್ತಿದ್ದವು.

ಪ್ರೆಸ್ಸು ಮುಚ್ಚಿದ ಮೇಲೆ ಅವಳ ಕೆಲಸ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆಯ ಮನೆಗೆ ಬಂತು. ಕಿಟಕಿಗೆ ತಾಗಿದ ಮೇಜು, ಬಿಸ್ಕತ್ತಿನ ಡಬ್ಬಿಗಳಲ್ಲಿ ಬಣ್ಣದ ಪ್ರಕಾರ ವಿಂಗಡಿಸಿದ ಚೂರುಕಾಗದ, ಸವೆದ ಸ್ಕೇಲು, ಒಂದು ಹಳೆಯ ಕತ್ತರಿ. ಶುಭಾಶಯದ ಕಾರ್ಡು, ಉಡುಗೊರೆಯ ಡಬ್ಬಿ, ಕಾಗದದ ಹೂವು, ಯಾರು ಏನು ಹೇಳಿದರೂ ಮಾಡಿಕೊಡುತ್ತಿದ್ದಳು. ಮರಕ್ಕಿರುವ ಹಾಗೆ ಕಾಗದಕ್ಕೂ ಎಳೆಯ ದಿಕ್ಕಿರುತ್ತದೆ. ಅಡ್ಡ ಮಡಿಸಿದರೆ ಬಿರುಕು ಬಿಡುತ್ತದೆ. ಅದಕ್ಕೇ ಪ್ರತಿ ಹಾಳೆಯ ಮೂಲೆಯಲ್ಲೂ ಪೆನ್ಸಿಲ್ಲಿನಲ್ಲಿ ಸಣ್ಣ ಬಾಣ ಹಾಕಿಟ್ಟುಕೊಳ್ಳುತ್ತಿದ್ದಳು. ಮುಗಿದ ಕಾರ್ಡನ್ನು ಕೊಡುವ ಮುಂಚೆ ಐವತ್ತು ಸಲ ತೆರೆದು ಮುಚ್ಚಿ ನೋಡುತ್ತಿದ್ದಳು.

"ಐವತ್ತು ಸಲ ಯಾರಕ್ಕ ತೆಗೆದು ನೋಡ್ತಾರೆ?" ಎಂದು ಸೈಕಲ್ ಅಂಗಡಿಯವನು ಛೇಡಿಸಿದರೆ, "ಪ್ರೀತಿ ಇರೋರು ನೋಡ್ತಾರೆ. ನಿನಗೆ ಮಾಡುವಾಗ ಎರಡೇ ಸಲ ನೋಡ್ತೀನಿ ಬಿಡು" ಎನ್ನುತ್ತಿದ್ದಳು.

ಪ್ರೀತಿಯಿಂದ ತೆಗೆದು ನೋಡುವವನು ಒಬ್ಬನಿದ್ದ, ಅವಳ ಅಣ್ಣ. ಏಳನೇ ನಂಬರ್ ಬಸ್ಸಿನ ಡ್ರೈವರು. ಮೊದಲ ಸಂಬಳದಲ್ಲಿ ಅವಳಿಗೆ ಆ ಕತ್ತರಿ ತಂದುಕೊಟ್ಟವನೇ ಅವನು. ಅವಳ ಮೊದಲ ಕಾರ್ಡು ಅವನ ಹುಟ್ಟುಹಬ್ಬಕ್ಕೆ ಅದೇ ಕತ್ತರಿಯಲ್ಲಿ ಹುಟ್ಟಿತು. ಅಲ್ಲಿಂದ ಒಂದು ವರ್ಷವೂ ತಪ್ಪಿಲ್ಲ. ಎಲ್ಲವನ್ನೂ ಅವನು ತಗಡಿನ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದ.

ಹೋದ ವರ್ಷ ಸಕ್ಕರೆ ಕಾಯಿಲೆ ಅವನ ಎರಡೂ ಕಣ್ಣನ್ನು ನುಂಗಿಹಾಕಿತು. ಅಂದಿನಿಂದ ಅವನು ಗೋಡೆಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತುಬಿಟ್ಟ. ಮನೆಯ ಹೊಸ್ತಿಲು ದಾಟಲಿಲ್ಲ. ಹಳೆಯ ಕಂಡಕ್ಟರು ಎರಡು ಸಲ ಬಂದು ಬಾಗಿಲಿನಿಂದಲೇ ವಾಪಸು ಹೋದ. "ಮಾತಾಡಿಸಿದ್ರೆ ಹೂಂ ಅಂತಾರೆ, ಇಲ್ಲದಿದ್ರೆ ಅದೂ ಇಲ್ಲ" ಎಂದು ಅತ್ತಿಗೆ ಕಣ್ಣೊರೆಸಿಕೊಂಡಳು. ಅಣ್ಣ ಹೀಗೇ ಕಲ್ಲಾಗಿಬಿಟ್ಟರೆ ಏನು ಗತಿ ಎಂದು ಅಂಟಕ್ಕನಿಗೆ ಅನ್ನ ಇಳಿಯುತ್ತಿರಲಿಲ್ಲ.

ಹುಟ್ಟುಹಬ್ಬ ಹತ್ತಿರ ಬಂತು. ಈ ಸಲ ಬೆರಳಿನಲ್ಲಿ ಓದುವಂಥ ಕಾರ್ಡು ಮಾಡಬೇಕು ಎಂದುಕೊಂಡಳು. ಬೈಂಡಿಂಗ್ ಕೋಣೆಯಲ್ಲಿ ಅವಳ ಬೆರಳಿಗೆ ಹೆಸರಿತ್ತು: ಐನೂರು ಹಾಳೆಯ ಕಟ್ಟಿನಲ್ಲಿ ಒಂದೇ ಒಂದು ಹಾಳೆ ದಪ್ಪವಿದ್ದರೂ ಅಂಚು ಸವರಿ ಎಳೆದುಹಾಕುತ್ತಿದ್ದಳು. ಅದೇ ಬೆರಳನ್ನು ನಂಬಿ, ಬಿಳಿಯ ಹಾಳೆಯ ಮೇಲೆ ಬಿಳಿಯ ತೆಳುಕಾಗದವನ್ನು ಪದರಪದರವಾಗಿ ಅಂಟಿಸಿ ಒಂದು ಮರ, ಮರದ ಮೇಲೆ ಹಕ್ಕಿ, ಹಕ್ಕಿಯ ರೆಕ್ಕೆಯ ಗರಿ ಸಮೇತ ಮಾಡಿದಳು. ಕಣ್ಣು ಮುಚ್ಚಿ ಸವರಿದರೆ ಗರಿ ಗರಿಯೂ ಅವಳಿಗೆ ಸಿಗುತ್ತಿತ್ತು.

ಅಣ್ಣ ಅದನ್ನು ತೊಡೆಯ ಮೇಲಿಟ್ಟುಕೊಂಡು ಒಮ್ಮೆ ಸವರಿದ. ಇನ್ನೊಮ್ಮೆ ಸವರಿದ.

"ಖಾಲಿ ಹಾಳೆ ಕೊಟ್ಟಿದ್ದೀಯಲ್ಲೇ."

"ಇಲ್ಲಣ್ಣ, ಹಕ್ಕಿ ಇದೆ. ಸ್ವಲ್ಪ ಮೇಲೆ ನೋಡು…" ನೋಡು ಎಂದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು.

"ಸಾಕು ಬಿಡಮ್ಮ. ಇನ್ಮೇಲೆ ಕಾರ್ಡು ತರಬೇಡ. ಸುಮ್ನೆ ಯಾಕೆ ಕಷ್ಟಪಡ್ತೀಯ" ಎಂದು ಕಾರ್ಡನ್ನು ಅತ್ತಿಗೆಯ ಕಡೆ ಚಾಚಿದ. ಈ ಸಲ ಪೆಟ್ಟಿಗೆ ಕೇಳಲಿಲ್ಲ.

ಮನೆಗೆ ಬರುವ ದಾರಿಯುದ್ದಕ್ಕೂ ಅವಳು ತನ್ನ ಬೆರಳನ್ನೇ ಬೈದುಕೊಂಡಳು. ಇಪ್ಪತ್ತೆಂಟು ವರ್ಷ ಸ್ಟಿಯರಿಂಗ್ ಹಿಡಿದ ಕೈ ಅದು. ಅಂಗೈ, ಹೆಬ್ಬೆರಳು ಎಲ್ಲ ದಡ್ಡುಗಟ್ಟಿವೆ. ಅಂಥ ಕೈಗೆ ತೆಳುಕಾಗದದ ಗರಿ ಎಲ್ಲಿ ತಾಗಬೇಕು? ಕಾಗದ ನನ್ನ ಜೊತೆ ಮಾತಾಡಿದರೆ ಲೋಕದವರೆಲ್ಲರ ಜೊತೆಗೂ ಮಾತಾಡುತ್ತದೆ ಎಂದುಕೊಂಡಿದ್ದೆನಲ್ಲ! ಹಾಗಾದರೆ ಅಣ್ಣನ ಕೈಗೆ ಗೊತ್ತಿರುವುದು ಏನು?

ಮರುದಿನ ಬೆಳಗ್ಗೆ ಅವಳು ಏಳನೇ ನಂಬರ್ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ನೋಟ್‌ಬುಕ್ಕು ಬಿಚ್ಚಿ ಕೂತಳು.

"ಎಲ್ಲಿ ಇಳೀತೀರಮ್ಮ?" ಕಂಡಕ್ಟರ್ ಹುಡುಗಿ ಕೇಳಿದಳು.

"ಎಲ್ಲೂ ಇಳಿಯಲ್ಲ. ಕೊನೇತನಕ ಹೋಗಿ ಹತ್ತಿದ ಜಾಗಕ್ಕೇ ವಾಪಸ್ ಬರ್ತೀನಿ."

"ಏನಾದ್ರೂ ಕಳ್ಕೊಂಡಿದ್ದೀರಾ?"

"ಹೂಂ. ಹುಡುಕ್ತಾ ಇದ್ದೀನಿ."

ನಾಲ್ಕು ದಿನ ಹೀಗೆ ಓಡಾಡಿದಳು. ತಿರುವು, ಸೇತುವೆ, ರೈಲ್ವೆ ಗೇಟು, ಹಂಪು, ನಿಲ್ದಾಣ ಎಲ್ಲ ಬರೆದುಕೊಂಡಳು. ಆಮೇಲೆ ದಪ್ಪ ರಟ್ಟನ್ನು ಅಂಗೈ ಎರಡರಷ್ಟು ಅಗಲಕ್ಕೆ ಕತ್ತರಿಸಿ ಮಡಿಕೆ ಹಾಕಿದಳು. ತೆರೆದರೆ ಒಳಗೆ ರಸ್ತೆ: ಡಾಂಬರಿಗೆ ಬಡಗಿಗಳು ಮರ ಉಜ್ಜುವ ಒರಟು ಕಾಗದ, ಸೇತುವೆಗೆ ಪೆಟ್ಟಿಗೆಯ ಅಲೆಅಲೆ ರಟ್ಟು, ಗೇಟಿಗೆ ಎರಡು ಎಳೆ ಗಟ್ಟಿ ಹುರಿ, ನಿಲ್ದಾಣಕ್ಕೊಂದರಂತೆ ಅಂಗಿಯ ಗುಂಡಿ. ಗುಂಡಿಗಳ ದಪ್ಪಕ್ಕೆ ಕಾರ್ಡು ಸರಿಯಾಗಿ ಮುಚ್ಚಿಕೊಳ್ಳಲಿಲ್ಲ. ಮುಚ್ಚದ ಕಾರ್ಡನ್ನು ಅವಳು ಜನ್ಮದಲ್ಲೇ ಯಾರಿಗೂ ಕೊಟ್ಟವಳಲ್ಲ. ಇದನ್ನು ಮಾತ್ರ ಬಾಯಿ ತೆರೆದ ಹಾಗೇ ಚೀಲಕ್ಕೆ ಹಾಕಿಕೊಂಡು ಹೊರಟಳು.

"ಬೇಡ ಅಂದಿದ್ದೆನಲ್ಲ" ಎಂದ ಅಣ್ಣ. "ಅದೂ ಹುಟ್ಟುಹಬ್ಬ ಕಳೆದು ಹತ್ತು ದಿನ ಆಯ್ತು."

"ಸ್ವಲ್ಪ ಲೇಟಾಯ್ತು. ನಿನ್ನ ಬಸ್ಸಿನ ಹಾಗೆ."

"ಏಯ್! ನನ್ನ ಬಸ್ಸು ಒಂದು ದಿನ ಲೇಟಾಗಿಲ್ಲ. ಯಾರನ್ನ ಬೇಕಾದ್ರೂ ಕೇಳು!"

ವರ್ಷದಲ್ಲೇ ಅಷ್ಟು ದೊಡ್ಡ ದನಿ ಆ ಮನೆಯಲ್ಲಿ ಕೇಳಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಅವಳು ಅವನ ಹೆಬ್ಬೆರಳು ಹಿಡಿದು ಮೊದಲ ಗುಂಡಿಯ ಮೇಲಿಟ್ಟಳು. "ಇದು ಡಿಪೋ. ಹೊರಡು."

ಬೆರಳು ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಒರಟು ಕಾಗದದ ಮೇಲೆ ಮೆಲ್ಲಗೆ ಸರಿಯಿತು. ಎಡಕ್ಕೆ ಹೊರಳಿತು. "ಆಸ್ಪತ್ರೆ ತಿರುವು" ಎಂದ. ಮುಂದಿನ ಗುಂಡಿ. "ಸ್ಕೂಲು." ಅಲೆಅಲೆ ರಟ್ಟು ಸಿಕ್ಕಾಗ ಅವನ ತುಟಿ ಅಲುಗಿತು. "ಸೇತುವೆ. ಇಲ್ಲಿ ಕಬ್ಬಿಣದ ಪಟ್ಟಿ ಕಟಕಟ ಅಂತಿತ್ತು." ಹುರಿಯ ಹತ್ತಿರ ಬಂದು ಬೆರಳು ಥಟ್ಟನೆ ನಿಂತಿತು. ಗೇಟು ಹಾಕಿದೆಯೋ ಎಂಬಂತೆ ಕೊಂಚ ಹೊತ್ತು ಕಾದು, ಮುಂದೆ ಹೋಗಿ, ಮತ್ತೆ ಹಿಂದೆ ಬಂದ. ಹುಬ್ಬು ಗಂಟಿಕ್ಕಿತು.

"ಏರು ಎಲ್ಲೇ?"

"ಯಾವ ಏರು?"

"ಗೇಟು ದಾಟಿದ ಮೇಲೆ ಏರಿಲ್ವಾ? ನೆಲ ಚಪ್ಪಟೆ ಮಾಡಿಟ್ಟಿದ್ದೀಯ!"

"ನಾನು ನಾಲ್ಕು ದಿನ ಹೋಗಿ ಬಂದೆ ಅಣ್ಣ. ಏರು ಕಾಣಲಿಲ್ಲ."

"ಸೀಟಲ್ಲಿ ಕೂತೋರಿಗೆ ಹೇಗೆ ಕಾಣುತ್ತೆ? ಹೊಯ್ಕೊಂಡು ಸೆಕೆಂಡ್ ಗೇರಿಗೆ ಬರ್ತಿತ್ತು ಗಾಡಿ. ನಾನಲ್ವಾ ಹತ್ತಿಸ್ತಾ ಇದ್ದದ್ದು!" ಮಾತಾಡುತ್ತಲೇ ಅವನ ಎಡಗಾಲು ಕುರ್ಚಿಯ ಕೆಳಗೆ ಕ್ಲಚ್ಚು ಒತ್ತುತ್ತಿತ್ತು. "ಏರಿಲ್ಲದೆ ಇದು ಏಳನೇ ನಂಬರೇ ಅಲ್ಲ. ರಟ್ಟು ತಂದಿದ್ದೀಯಾ?"

"ಮನೇಲಿದೆ. ನಾಳೆ ಸರಿ ಮಾಡಿ ತರ್ತೀನಿ."

"ನೀನು ತಂದರೆ ಮತ್ತೆ ತಪ್ಪೇ ತರ್ತೀಯ. ಎಷ್ಟು ಎತ್ತರ ಅಂತ ನಿನಗೇನು ಗೊತ್ತು?" ಅವನು ಕುರ್ಚಿಯ ಕೈ ಹಿಡಿದು ಎದ್ದುನಿಂತ. "ನಡಿ, ನಾನೇ ಬರ್ತೀನಿ. ಏನೇ, ನನ್ನ ಚಪ್ಪಲಿ ಎಲ್ಲಿ?"

ಕೊನೆಯ ಮಾತು ಅತ್ತಿಗೆಗೆ. ಅವಳು ಒದ್ದೆ ಕೈಯಲ್ಲೇ ಓಡಿಬಂದಳು. ಆ ಚಪ್ಪಲಿಯನ್ನು ವರ್ಷದಿಂದ ಪ್ರತಿ ವಾರ ಒರೆಸಿ ಬಾಗಿಲ ಹಿಂದೆ ಇಡುತ್ತಿದ್ದಳು.

ಅಣ್ಣತಂಗಿ ಬರುವುದನ್ನು ಕಂಡು ಸೈಕಲ್ ಅಂಗಡಿಯವನು ಕೈಯಲ್ಲಿದ್ದ ಟ್ಯೂಬು ಬಿಟ್ಟು ಮೆಟ್ಟಿಲಿನವರೆಗೆ ಜೊತೆಗೆ ಬಂದ. ಮೇಲೆ, ಕಿಟಕಿಯ ಪಕ್ಕದ ಮೇಜಿನಲ್ಲಿ, ಅಣ್ಣ ರಟ್ಟಿನ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಹೆಬ್ಬೆರಳಿನಿಂದ ಅಳೆದ. ಮೂರು ಸಾಲದು, ನಾಲ್ಕು. ನಾಲ್ಕನೆಯದು ಅರ್ಧ. ಕತ್ತರಿ ಕೇಳಿದ. ಹಿಡಿದ ಮೇಲೆ ಅಲಗಿನ ಮೇಲೆ ಬೆರಳಾಡಿಸಿ, "ಇನ್ನೂ ಇದೇ ಇಟ್ಕೊಂಡಿದ್ದೀಯಾ?" ಎಂದ.

"ಸಾಣೆ ಹಿಡಿಸಿ ಹಿಡಿಸಿ ಅರ್ಧ ಆಗಿದೆ. ಹುಷಾರು."

ಪಟ್ಟಿ ವಕ್ರವಾಗಿ ಬಂತು. ಅಂಟು ಅಂಚಿನಿಂದ ಹೊರಗೆ ಹರಿಯಿತು. ಬೇರೆ ಯಾರಾದರೂ ಆಗಿದ್ದರೆ ಅಂಟಕ್ಕ ಕಿತ್ತು ಹೊಸದಾಗಿ ಮಾಡುತ್ತಿದ್ದಳು. ಈಗ ಕೈಕಟ್ಟಿ ಕೂತಳು. ಅವನು ಗೇಟಿನಿಂದ ಏರು ಹತ್ತಿ, ಇಳಿದು, ಕೊನೆಯ ಗುಂಡಿಯವರೆಗೆ ಹೋಗಿ ಬೆರಳು ನಿಲ್ಲಿಸಿದ.

"ಮುಂದಿನ ವರ್ಷ ಹನ್ನೆರಡನೇ ನಂಬರ್ ಮಾಡೋಣ" ಎಂದ. "ಅದೂ ಎರಡು ವರ್ಷ ಓಡಿಸಿದ್ದೆ. ಆದ್ರೆ ನೀನು ಒಬ್ಬಳೇ ಹೋಗಿ ಬರ್ಕೊಂಡು ಬರಬೇಡ."

ಹೇಳಿ, ಬೆರಳಿಗೆ ಅಂಟಿ ಒಣಗಿದ ಅಂಟಿನ ಪೊರೆಯನ್ನು ಸುಲಿಯತೊಡಗಿದ.